ಮ್ಯಾಮೋಗ್ರಾಂ: ನೂರು ವರ್ಷದ ಚಿತ್ರ, ನೂರು ವರ್ಷದ ತಕರಾರು

1997ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆಯೊಂದನ್ನು ಕರೆಯಿತು. ಸಭೆಯ ಮುಂದಿದ್ದ ಪ್ರಶ್ನೆ ಒಂದೇ: ನಲವತ್ತು ದಾಟಿ ಐವತ್ತು ಮುಟ್ಟದ ಹೆಂಗಸರೆಲ್ಲ ಮ್ಯಾಮೋಗ್ರಾಂ ಮಾಡಿಸಿಕೊಳ್ಳಬೇಕೆ? ಲಿಯಾನ್ ಗೋರ್ಡಿಸ್ ಅಧ್ಯಕ್ಷತೆಯ ಸಮಿತಿ ಎಲ್ಲ ಅಧ್ಯಯನಗಳನ್ನೂ ಜಾಲಾಡಿ, ಎಲ್ಲರೂ ಮಾಡಿಸಿ ಎನ್ನುವಷ್ಟು ಪುರಾವೆ ಇಲ್ಲ, ಲಾಭ ನಷ್ಟ ಎರಡನ್ನೂ ತಿಳಿಸಿ ತೀರ್ಮಾನವನ್ನು ಆಕೆಗೇ ಬಿಡಿ ಎಂದಿತು. ಸಭೆಯಲ್ಲೇ ಗದ್ದಲವೆದ್ದಿತು. ರೇಡಿಯಾಲಜಿಸ್ಟರು ಕೆರಳಿದರು. ಕೆಲವೇ ವಾರಗಳಲ್ಲಿ ಅಮೆರಿಕದ ಸೆನೆಟ್ 98–0 ಮತಗಳಿಂದ ಈ ವಯಸ್ಸಿನವರ ತಪಾಸಣೆಯ ಪರವಾಗಿ ನಿರ್ಣಯ ಅಂಗೀಕರಿಸಿತು. ಮಾರ್ಚ್ ಹೊತ್ತಿಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೂ ನಲವತ್ತರಿಂದಲೇ ಒಂದೆರಡು ವರ್ಷಕ್ಕೊಮ್ಮೆ ಮಾಡಿಸಿ ಎಂದು ಸಲಹೆ ಕೊಟ್ಟಿತು. ಈ ಎರಡು ತಿಂಗಳಲ್ಲಿ ಹೊಸ ಪುರಾವೆಯೇನೂ ಬಂದಿರಲಿಲ್ಲ.

ಡಾಕ್ಟರ ಎದುರು ಕೂತು "ಈ ಟೆಸ್ಟ್ ನನಗೆ ಯಾಕೆ ಬೇಕು?" ಅಥವಾ "ಯಾಕೆ ಬೇಡ?" ಎಂದು ಕೇಳುವಾಗ ನಮ್ಮ ಹೆಣ್ಣುಮಕ್ಕಳಿಗೆ ಅಳುಕು. ದೊಡ್ಡವರ ಮಾತು ಮೀರಿದಂತಾಯಿತೇನೋ, ಡಾಕ್ಟರು ಬೇಸರ ಮಾಡಿಕೊಂಡರೇನೋ ಎಂಬ ಸಂಕೋಚ. ಆದರೆ ಆ ಪ್ರಶ್ನೆಗಳೆಲ್ಲ ಈ ಶಾಸ್ತ್ರ ತನ್ನನ್ನೇ ಕೇಳಿಕೊಂಡು ಬಂದಿರುವಂಥವು. ಸ್ತನದ ಚಿತ್ರಣ ಬೆಳೆದಿರುವುದೇ ಜಗಳವಾಡುತ್ತ. ಆ ಜಗಳದ ಕೆಲವು ಮುಖ್ಯ ತಿರುವುಗಳನ್ನು ತಂದುಕೊಟ್ಟವರು ರೋಗಿಗಳೇ.

ಮೊದಲ ಚಿತ್ರಗಳಲ್ಲಿ ಜೀವವಿರಲಿಲ್ಲ. ಬರ್ಲಿನ್ನಿನ ಸರ್ಜನ್ ಆಲ್ಬರ್ಟ್ ಸಾಲೊಮೋನ್ 1913ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಸುಮಾರು 3,000 ಸ್ತನಗಳ ಎಕ್ಸ್‌ರೇ ತೆಗೆದು, ಕ್ಯಾನ್ಸರ್ ಹೇಗೆ ಹರಡುತ್ತದೆಂದು ಗುರುತಿಸಿದ. ಜೀವಂತ ಹೆಂಗಸರಲ್ಲಿ ಇದನ್ನು ನೆಚ್ಚಿಕೊಳ್ಳುವಂತೆ ಮಾಡಲು ಇನ್ನೂ ನಾಲ್ಕೈದು ದಶಕ ಬೇಕಾಯಿತು. ಉರುಗ್ವೆಯ ರಾವುಲ್ ಲೆಬೋರ್ನ್ ಸ್ತನವನ್ನು ಒತ್ತಿಹಿಡಿದು ಚಿತ್ರ ತೆಗೆಯುವುದನ್ನು ರೂಢಿಸಿ, ಸುಣ್ಣದ ಪುಡಿಯಂಥ ಸಣ್ಣ ಚುಕ್ಕೆಗಳಿಗೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ. ಇಂದಿಗೂ ಹೆಂಗಸರು ಹಲ್ಲುಕಚ್ಚಿ ಸಹಿಸುವ ಆ ಒತ್ತು ಅಲ್ಲಿಂದ ಬಂದದ್ದು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಕಾರ್ಖಾನೆಗಳಲ್ಲಿ ಬಳಸುವ ಸೂಕ್ಷ್ಮ ಫಿಲ್ಮ್ ತಂದು ಬೇರೆಯವರೂ ಅನುಸರಿಸಬಹುದಾದ ವಿಧಾನ ರೂಪಿಸಿದ. ಅದೇ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನ ಷಾರ್ಲ್ ಗ್ರೋ ಸ್ತನಕ್ಕೆಂದೇ ಪ್ರತ್ಯೇಕ ಯಂತ್ರ ಮಾಡಿಸಿದ.

ಚಿತ್ರ ತೆಗೆಯಬಹುದು ಎಂದಾಯಿತು. ತೆಗೆದರೆ ಜೀವ ಉಳಿಯುತ್ತದೆಯೇ? ನ್ಯೂಯಾರ್ಕಿನ ಫಿಲಿಪ್ ಸ್ಟ್ರಾಕ್ಸ್ ಸ್ತನ ಕ್ಯಾನ್ಸರಿನಿಂದ ಹೆಂಡತಿಯನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡಿದ್ದ ವೈದ್ಯ. ಸ್ಯಾಮ್ ಶಪಿರೊ ಮತ್ತು ಲೂಯಿ ವೆನೆಟ್ ಜೊತೆ ಸೇರಿ ಆತ 1963ರ ಕೊನೆಯಲ್ಲಿ 40ರಿಂದ 64 ವಯಸ್ಸಿನ ಸುಮಾರು 62,000 ಹೆಂಗಸರ ಮೇಲೆ ಜಗತ್ತಿನ ಮೊದಲ ದೊಡ್ಡ ಪ್ರಯೋಗ ಶುರುಮಾಡಿದ. ಅರ್ಧದಷ್ಟು ಮಂದಿಗೆ ಪ್ರತಿವರ್ಷ ಮ್ಯಾಮೋಗ್ರಾಂ ಮತ್ತು ಕೈಯಿಂದ ಪರೀಕ್ಷೆ, ಉಳಿದವರಿಗೆ ಎಂದಿನ ಚಿಕಿತ್ಸೆ. ತಪಾಸಣೆಗೆ ಕರೆದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವು ಕಾಲು ಭಾಗಕ್ಕೂ ಮಿಕ್ಕಿ ಇಳಿಯಿತು.

ಆ ಕಾಲದಲ್ಲಿ ಗಂಟು ಕಂಡ ಹೆಂಗಸಿಗೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಬಯಾಪ್ಸಿಗೆಂದು ಅರಿವಳಿಕೆ ಕೊಟ್ಟು ಮಲಗಿಸುತ್ತಿದ್ದರು. ತುಣುಕನ್ನು ಅಲ್ಲೇ ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಎಂದಾದರೆ ಆಕೆ ಎಚ್ಚರಗೊಳ್ಳುವ ಮುನ್ನವೇ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆದುಬಿಡುತ್ತಿದ್ದರು. ಎದ್ದಾಗ ಸ್ತನ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ ಆಕೆ ಸಹಿ ಹಾಕಿ ಮಲಗಬೇಕಿತ್ತು. 1974ರಲ್ಲಿ ಅಮೆರಿಕದ ಪತ್ರಕರ್ತೆ ರೋಸ್ ಕುಷ್ನರ್ ಅದಕ್ಕೆ ಒಪ್ಪಲಿಲ್ಲ. ಮೊದಲು ಬಯಾಪ್ಸಿ ಮಾಡಿ, ಫಲಿತಾಂಶ ನನಗೆ ಹೇಳಿ, ಆಮೇಲೆ ನಿರ್ಧರಿಸೋಣ ಎಂದು ಹಟಹಿಡಿದರು. ಸರ್ಜನ್ನರು ಒಬ್ಬರಾದ ಮೇಲೊಬ್ಬರು ನಿರಾಕರಿಸಿದರು. ಕಡೆಗೆ ತಮಗೆ ಬೇಕಾದ ಶಸ್ತ್ರಚಿಕಿತ್ಸೆಗೆ ಬಫಲೊ ನಗರದ ಆಸ್ಪತ್ರೆಯವರೆಗೆ ಹೋದರು. ಅದೇ ವರ್ಷ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್‌ಗೆ ಗಂಟು ಕಂಡಾಗ ಕುಷ್ನರ್ ಶ್ವೇತಭವನಕ್ಕೇ ಫೋನ್ ಮಾಡಿ ಇದನ್ನು ಹೇಳಲು ಪ್ರಯತ್ನಿಸಿದರು. ಅಧ್ಯಕ್ಷರು ಈಗಾಗಲೇ ನಿರ್ಧರಿಸಿಯಾಗಿದೆ ಎಂಬ ಉತ್ತರ ಬಂತಂತೆ. ಐದೇ ವರ್ಷಕ್ಕೆ, 1979ರಲ್ಲಿ, ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮಿತಿ ಬಯಾಪ್ಸಿ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಮಾಡಬೇಕೆಂದು ಶಿಫಾರಸು ಮಾಡಿತು. ಆ ಸಮಿತಿಯಲ್ಲಿ ಕುಷ್ನರ್ ಕೂಡ ಇದ್ದರು. ಇಂದು ಸೂಜಿ ಹಾಕಿ ತುಣುಕು ತೆಗೆದು, ವರದಿಗಾಗಿ ಕೆಲವು ದಿನ ಕಾಯುವ ಪ್ರತಿಯೊಬ್ಬಳೂ ಆಕೆಯ ಹಟದ ಫಲ ಉಣ್ಣುತ್ತಿದ್ದಾಳೆ ಎಂದೇ ನಾನು ನಂಬುತ್ತೇನೆ.

ಬೆಟ್ಟಿ ಫೋರ್ಡ್ ತಮ್ಮ ಕಾಯಿಲೆಯನ್ನು ಮುಚ್ಚಿಡಲಿಲ್ಲ. ತಪಾಸಣೆಗೆ ಹೆಂಗಸರು ಸಾಲುಗಟ್ಟಿದರು. 1973ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದ ಮ್ಯಾಮೋಗ್ರಾಂ ತಪಾಸಣೆಯ ಪ್ರಾತ್ಯಕ್ಷಿಕೆ ಯೋಜನೆಗೆ 2,80,000 ಹೆಂಗಸರು ಸೇರಿದರು. 1976ರಲ್ಲಿ ಜಾನ್ ಬೈಲರ್ ಎಂಬ ಸಂಖ್ಯಾಶಾಸ್ತ್ರಜ್ಞ ವೈದ್ಯ, ಈ ವಿಕಿರಣವೇ ಕಿರಿಯ ಹೆಂಗಸರಲ್ಲಿ ಕ್ಯಾನ್ಸರ್ ಹುಟ್ಟಿಸಬಹುದಲ್ಲವೇ ಎಂದು ಲೆಕ್ಕ ಹಾಕಿ ಬರೆದ. ಬಹಳ ಮಂದಿ ಆತನನ್ನು ಬೈದರು. ಆದರೆ ಆ ಗಲಾಟೆಯ ನಂತರ ವಿಕಿರಣದ ಪ್ರಮಾಣ ತಗ್ಗಿಸಲು ಎಲ್ಲರೂ ಗಂಭೀರವಾದರು, ಕಿರಿಯರ ತಪಾಸಣೆಗೆ ಮಿತಿ ಬಂತು.

ಮುಂದಿನ ಇಪ್ಪತ್ತು ವರ್ಷ ಪ್ರಯೋಗಗಳ ಕಾಲ. ಸ್ವೀಡನ್ನಿನ ಎರಡು ಜಿಲ್ಲೆಗಳಲ್ಲಿ ಲಾಸ್ಲೊ ತಬಾರ್ ತಂಡ ನಡೆಸಿದ ಅಧ್ಯಯನ 1985ರಲ್ಲಿ, ಸಾವು ಶೇ. 31ರಷ್ಟು ಇಳಿದಿದೆ ಎಂದಿತು. ಅದನ್ನು ನೆಚ್ಚಿ ಬ್ರಿಟನ್ 1988ರಲ್ಲಿ ರಾಷ್ಟ್ರೀಯ ತಪಾಸಣೆ ಆರಂಭಿಸಿತು. ಕೆನಡಾದ ಆಂಥನಿ ಮಿಲ್ಲರ್ ಮತ್ತು ಕಾರ್ನೀಲಿಯಾ ಬೇನ್ಸ್ ಸುಮಾರು 90,000 ಹೆಂಗಸರನ್ನು ಪರೀಕ್ಷಿಸಿ ಇದಕ್ಕೆ ತದ್ವಿರುದ್ಧ ಫಲಿತಾಂಶ ಕಂಡರು: ಮ್ಯಾಮೋಗ್ರಾಂ ಸೇರಿಸಿದರೂ ಸಾವು ಇಳಿಯಲಿಲ್ಲ. 25 ವರ್ಷ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದಾಗಲೂ ಅದೇ ಉತ್ತರ. ಅವರ ಚಿತ್ರಗಳ ಗುಣಮಟ್ಟ ಕಳಪೆ, ಹೆಂಗಸರನ್ನು ಗುಂಪುಗಳಿಗೆ ಹಂಚಿದ್ದು ಸರಿಯಿಲ್ಲ ಎಂದು ಬಾಸ್ಟನ್ನಿನ ಡೇನಿಯಲ್ ಕೊಪಾನ್ಸ್ ದಶಕಗಳ ಕಾಲ ವಾದಿಸಿದ. ಎರಡೂ ಕಡೆಯವರು ಪ್ರಾಮಾಣಿಕರು, ಇಬ್ಬರ ಮುಂದೆಯೂ ಅದೇ ಅಂಕಿಗಳು; ಒಪ್ಪಂದ ಮಾತ್ರ ಆಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಅಹಿತಕರ ಸತ್ಯ ಮೇಲೆ ಬಂದಿತ್ತು. ತಪಾಸಣೆ ಹಿಡಿಯುವ ಕ್ಯಾನ್ಸರುಗಳಲ್ಲಿ ಕೆಲವು, ಹಾಗೇ ಬಿಟ್ಟಿದ್ದರೆ ಆಕೆಯ ಜೀವಮಾನದಲ್ಲಿ ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ. ಯಾವುದು ಅಂಥದ್ದು ಎಂದು ಮೊದಲೇ ಹೇಳಲಾಗದು. ಹಾಗಾಗಿ ಎಲ್ಲಕ್ಕೂ ಚಿಕಿತ್ಸೆ. 2012ರಲ್ಲಿ ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ನೇತೃತ್ವದ ಸ್ವತಂತ್ರ ಸಮಿತಿ ಇದರ ಲೆಕ್ಕ ಕೊಟ್ಟಿತು. ಐವತ್ತರಿಂದ ಇಪ್ಪತ್ತು ವರ್ಷ ತಪಾಸಣೆಗೆ ಕರೆದ 10,000 ಹೆಂಗಸರಲ್ಲಿ 43 ಜೀವ ಉಳಿಯುತ್ತವೆ, 129 ಮಂದಿಗೆ ಅನಗತ್ಯ ಚಿಕಿತ್ಸೆಯಾಗುತ್ತದೆ. ಆ 43ರಲ್ಲಿ ತಾನಿರಬಹುದು ಎಂದು ಒಬ್ಬಳು ಹೋಗುತ್ತಾಳೆ. 129ರಲ್ಲಿ ತಾನಿರಬಹುದು ಎಂದು ಇನ್ನೊಬ್ಬಳು ಹಿಂಜರಿಯುತ್ತಾಳೆ. ಇಬ್ಬರನ್ನೂ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಈ ಅಂಕಿಗಳನ್ನೇ ಹೇಳದೆ ಯಂತ್ರದ ಮುಂದೆ ನಿಲ್ಲಿಸುವುದು ಮಾತ್ರ ತಪ್ಪು. ಅಮೆರಿಕದ ತಜ್ಞ ಕಾರ್ಯಪಡೆ 2009ರಲ್ಲಿ ಐವತ್ತರಿಂದ ಎಂದದ್ದನ್ನು 2024ರಲ್ಲಿ ನಲವತ್ತರಿಂದ ಎರಡು ವರ್ಷಕ್ಕೊಮ್ಮೆ ಎಂದು ಬದಲಿಸಿತು. ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಒಬ್ಬರು ಅಜ್ಞಾನಿಯೆಂದು ತಿಳಿಯಬೇಕಿಲ್ಲ. ಬೇರೆ ಬೇರೆ ಮಾರ್ಗಸೂಚಿಯನ್ನು ಓದಿಕೊಂಡಿರಬಹುದು.

ಇಷ್ಟೂ ಜಗಳ ಗಂಟೇ ಇಲ್ಲದ ಆರೋಗ್ಯವಂತರ ತಪಾಸಣೆಯ ಬಗ್ಗೆ. ಕೈಗೆ ಗಂಟು ಸಿಕ್ಕವಳ ಕಥೆ ಬೇರೆ. ಅಲ್ಲಿ ಕಾಡುವುದು ಸ್ತನದ ದಟ್ಟಣೆ.

ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಾಗಿ, ಗ್ರಂಥಿ ಮತ್ತು ನಾರಿನ ಭಾಗ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರೂ ಬೆಳ್ಳಗೇ. ಗ್ರಂಥಿ ತುಂಬಿದ ಸ್ತನದಲ್ಲಿ ಅದನ್ನು ಹುಡುಕುವುದೆಂದರೆ ಸುಣ್ಣದ ಗೋಡೆಯ ಮೇಲೆ ಸುಣ್ಣದಲ್ಲೇ ಇಟ್ಟ ಬೊಟ್ಟನ್ನು ಹುಡುಕಿದಂತೆ. ಕಿರಿಯರಲ್ಲಿ, ಮುಟ್ಟು ನಿಲ್ಲದವರಲ್ಲಿ ದಟ್ಟಣೆ ಹೆಚ್ಚು. ಡೆಟ್ರಾಯಿಟ್‌ನ ಜಾನ್ ವುಲ್ಫ್ 1976ರಲ್ಲೇ ದಟ್ಟಣೆಗೂ ಕ್ಯಾನ್ಸರ್ ಅಪಾಯಕ್ಕೂ ಸಂಬಂಧವಿದೆ ಎಂದಿದ್ದ. ಆದರೆ ಆ ಮಾತು ರೇಡಿಯಾಲಜಿಸ್ಟ್ ಮತ್ತು ಡಾಕ್ಟರ ನಡುವೆಯೇ ಉಳಿಯಿತು. ಹೆಂಗಸಿಗೆ ಹೋಗುತ್ತಿದ್ದ ಪತ್ರದಲ್ಲಿ ‘ನಾರ್ಮಲ್’ ಎಂದಷ್ಟೇ ಇರುತ್ತಿತ್ತು.

ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೊಗೆ ವರ್ಷ ವರ್ಷವೂ ಅಂಥ ಪತ್ರ ಬಂದಿತ್ತು. 2004ರ ಆರಂಭದಲ್ಲಿ, ಕೊನೆಯ ನಾರ್ಮಲ್ ವರದಿ ಬಂದು ಕೆಲವೇ ವಾರಗಳಾಗಿದ್ದಾಗ, ಡಾಕ್ಟರ ಕೈಗೆ ಏನೋ ತಾಗಿತು. ಮತ್ತೊಮ್ಮೆ ಮ್ಯಾಮೋಗ್ರಾಂ ತೆಗೆದರು, ಆಗಲೂ ಏನೂ ಕಾಣಲಿಲ್ಲ. ಅದೇ ಹೊತ್ತಿನ ಅಲ್ಟ್ರಾಸೌಂಡಿನಲ್ಲಿ ದೊಡ್ಡ ಗಡ್ಡೆಯೇ ಕಂಡಿತು. ಕಂಕುಳಿನ 13 ಗ್ರಂಥಿಗಳಿಗೆ ಆಗಲೇ ಹರಡಿತ್ತು. ತಮ್ಮ ಸ್ತನ ದಟ್ಟವೆಂಬುದು ಆಕೆಗೆ ಗೊತ್ತಾದದ್ದು ಆಗಲೇ. ಇನ್ನು ಮುಂದಾದರೂ ಹೆಂಗಸರಿಗೆ ಇದನ್ನು ತಿಳಿಸಿ ಎಂದು ತಮ್ಮ ಡಾಕ್ಟರರನ್ನು ಕೇಳಿದರು, ಅವರು ಒಪ್ಪಲಿಲ್ಲ. ಆಕೆ ಶಾಸನಸಭೆಗೆ ಹೋದರು. 2009ರಲ್ಲಿ ಕನೆಕ್ಟಿಕಟ್, ದಟ್ಟಣೆಯನ್ನು ಹೆಂಗಸಿಗೆ ತಿಳಿಸಲೇಬೇಕೆಂದು ಕಾನೂನು ಮಾಡಿದ ಮೊದಲ ರಾಜ್ಯವಾಯಿತು. ಕಪೆಲ್ಲೊ 2018ರಲ್ಲಿ ತೀರಿಕೊಂಡರು. 2024ರ ಸೆಪ್ಟೆಂಬರಿನಿಂದ ಅಮೆರಿಕದಾದ್ಯಂತ ಅದು ನಿಯಮ.

ಡಾಕ್ಟರರ ಹಿಂಜರಿಕೆಗೂ ಕಾರಣವಿತ್ತು. ದಟ್ಟ ಎಂದು ತಿಳಿಸಿದ ಮೇಲೆ ಮುಂದೇನು? ಮ್ಯಾಮೋಗ್ರಾಂ ಜೊತೆ ಅಲ್ಟ್ರಾಸೌಂಡ್ ಸೇರಿಸಿದರೆ ದಟ್ಟ ಸ್ತನವಿದ್ದು ಅಪಾಯವೂ ಹೆಚ್ಚಿರುವ 1,000 ಮಂದಿಯಲ್ಲಿ ಸುಮಾರು ನಾಲ್ಕು ಕ್ಯಾನ್ಸರ್ ಹೆಚ್ಚಿಗೆ ಸಿಗುತ್ತವೆ ಎಂದು ವೆಂಡಿ ಬರ್ಗ್ ತಂಡ 2008ರಲ್ಲಿ ತೋರಿಸಿತು. ಕ್ಯಾನ್ಸರಿಲ್ಲದವರ ಬಯಾಪ್ಸಿಗಳೂ ಬಹಳ ಹೆಚ್ಚಿದವು. ಅತಿ ದಟ್ಟ ಸ್ತನದವರಿಗೆ ಎಂಆರ್‌ಐ ಮಾಡಿಸಿದ ನೆದರ್‌ಲೆಂಡ್ಸ್ ಪ್ರಯೋಗದಲ್ಲಿ, ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ 1,000ಕ್ಕೆ 5ರಿಂದ 2.5ಕ್ಕೆ ಇಳಿಯಿತು. ಜೊತೆಗೆ ಮೊದಲ ಸುತ್ತಿನಲ್ಲೇ 1,000ಕ್ಕೆ ಸುಮಾರು 80 ಮಂದಿ ಸುಳ್ಳು ಗಾಬರಿ ಅನುಭವಿಸಿದರು. ಹೆಚ್ಚು ಕಾಣುವ ಯಂತ್ರ ಹೆಚ್ಚು ಹೆದರಿಸುತ್ತದೆ ಕೂಡ.

ನಮ್ಮಲ್ಲಿ ಪ್ರಶ್ನೆ ಇನ್ನೂ ಹಿಂದಿನದು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ, ಸುಮಾರು 98 ಸಾವಿರ ಮಂದಿ ಸಾಯುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತಾಡಿಸಿದ 30ರಿಂದ 49ರ ಹೆಂಗಸರಲ್ಲಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಎಲ್ಲರಿಗೂ ಮ್ಯಾಮೋಗ್ರಾಂ ಎಂಬುದು ನಮ್ಮ ಲೆಕ್ಕಕ್ಕೆ ಕೂರುವ ಮಾತಲ್ಲ. ಮುಂಬಯಿಯ ಟಾಟಾ ಆಸ್ಪತ್ರೆಯ ಇಂದ್ರನೀಲ್ ಮಿತ್ರ 1998ರಲ್ಲಿ ಬೇರೆ ದಾರಿ ಹಿಡಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿದರೆ ಸಾಕೇ ಎಂದು 1,51,538 ಹೆಂಗಸರಲ್ಲಿ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಕಾಯಿಲೆ ಬಲಿಯುವ ಮುನ್ನವೇ ಸಿಕ್ಕ ಪ್ರಕರಣ ಹೆಚ್ಚು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30 ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಇಳಿಯಲಿಲ್ಲ. ಸರ್ಕಾರದ 2016ರ ಕಾರ್ಯಸೂಚಿಯೂ 30ರಿಂದ 65ರವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಎನ್ನುತ್ತದೆ. ಅಲ್ಟ್ರಾಸೌಂಡ್ ಯಂತ್ರವನ್ನು ಹಳ್ಳಿಗೆ ಹೊತ್ತೊಯ್ಯುವುದೂ ನಮ್ಮಲ್ಲಿ ಸುಲಭವಲ್ಲ; ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರಕ್ಕೆ ನೋಂದಣಿ ಬೇಕು, ಅದನ್ನು ಬೇರೆಡೆಗೆ ಒಯ್ಯಲು ನಿರ್ಬಂಧವಿದೆ.

ಇನ್ನೊಂದು ತುದಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ‘ಹೆಲ್ತ್ ಚೆಕಪ್ ಪ್ಯಾಕೇಜ್’. ಮೂವತ್ತೈದರ ಹೆಂಗಸಿಗೂ ಅದರಲ್ಲಿ ಮ್ಯಾಮೋಗ್ರಾಂ ಸೇರಿರುವುದುಂಟು. ಮನೆತನದಲ್ಲಿ ಕಾಯಿಲೆಯಿಲ್ಲದ, ಗಂಟೂ ಇಲ್ಲದ ಆ ವಯಸ್ಸಿನವಳಿಗೆ ಅದು ಬೇಕಿಲ್ಲ ಎಂದು ಡಾಕ್ಟರು ಹೇಳಿದರೆ ಅದು ಉಪೇಕ್ಷೆಯಲ್ಲ. ತಾಯಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಲೆಕ್ಕವೇ ಬೇರೆ. ಅದನ್ನು ಡಾಕ್ಟರು ಕೇಳದಿದ್ದರೂ ತಾವಾಗಿ ಹೇಳಬೇಕು. ಶಿಬಿರಗಳಲ್ಲಿ ಶಾಖದ ಚಿತ್ರ ತೆಗೆದು ‘ಕ್ಯಾನ್ಸರ್ ಇಲ್ಲ’ ಎನ್ನುವ ಥರ್ಮೋಗ್ರಫಿಯನ್ನು ಮ್ಯಾಮೋಗ್ರಾಮಿನ ಬದಲಿಗೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಎಚ್ಚರಿಸಿದೆ.

ವರದಿ ಕೈಗೆ ಬಂದಾಗ ಅದರ ಕೊನೆಯಲ್ಲಿ ‘ಬೈರಾಡ್ಸ್’ ಎಂಬ ಅಂಕಿ ಇರುತ್ತದೆ. 1993ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಜಾರಿಗೆ ತಂದ ಈ ಪದ್ಧತಿಯನ್ನು ನಮ್ಮಲ್ಲೂ ಬಳಸುತ್ತಾರೆ. ಸೊನ್ನೆ ಎಂದರೆ ಇನ್ನಷ್ಟು ಚಿತ್ರ ಬೇಕು ಎಂದಷ್ಟೇ. ಅದನ್ನು ನೋಡಿ ಅತ್ತವರಿದ್ದಾರೆ, ಎಲ್ಲ ಸರಿಯಿದೆಯೆಂದು ಮನೆಗೆ ಹೋದವರೂ ಇದ್ದಾರೆ. ಮೂರು ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ. 2 ಮೀರದು, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರ್ಥ. ನಾಲ್ಕಕ್ಕೆ ಬಯಾಪ್ಸಿ ಬೇಕು, ಆದರೆ ನಾಲ್ಕರ ಒಳಗೇ ಶೇ. 2ರಿಂದ 95ರವರೆಗೆ ವ್ಯತ್ಯಾಸವಿದೆ. ಎ, ಬಿ, ಸಿ ಯಾವುದೆಂದು ಕೇಳಿ. ದಟ್ಟಣೆಗೂ ಎಯಿಂದ ಡಿವರೆಗೆ ಬೇರೆ ಗುರುತಿದೆ. ಅದು ವರದಿಯಲ್ಲಿಲ್ಲದಿದ್ದರೆ ಬರೆಸಿಕೊಳ್ಳಬಹುದು.

ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೋಗ್ರಾಂ ನಾರ್ಮಲ್ ಎಂದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಕೈಯಿಂದ ಪರೀಕ್ಷೆ, ಚಿತ್ರ, ಅನುಮಾನವಿದ್ದರೆ ಸೂಜಿ ಬಯಾಪ್ಸಿ, ಈ ಮೂರೂ ಒಂದೇ ಮಾತು ಹೇಳಬೇಕು ಎಂಬುದು ಸರ್ಜನ್ನರ ಹಳೆಯ ನಿಯಮ. ಆದ್ದರಿಂದ "ಗಂಟು ಇರುವ ಜಾಗಕ್ಕೇ ಅಲ್ಟ್ರಾಸೌಂಡ್ ಮಾಡಿ ನೋಡಿದಿರಾ ಸಾರ್?" ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಚಿತ್ರ ಅನುಮಾನ ಹುಟ್ಟಿಸುವಂತಿದ್ದು ಬಯಾಪ್ಸಿ ಏನೂ ಇಲ್ಲ ಎಂದರೆ, ಸೂಜಿ ಸರಿಯಾದ ಜಾಗಕ್ಕೆ ಬಿದ್ದಿತ್ತೇ, ಮತ್ತೊಮ್ಮೆ ತೆಗೆಯಬೇಕೇ ಎಂಬುದನ್ನೂ ಕೇಳಬೇಕು. ಹಳೆಯ ಫಿಲ್ಮ್, ಸಿಡಿಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ ಇನ್ನೊಬ್ಬ ರೇಡಿಯಾಲಜಿಸ್ಟರು ಹೊಸದಾಗಿ ಚಿತ್ರ ತೆಗೆಯದೆಯೇ ಅವನ್ನು ಹೋಲಿಸಿ ಓದಬಲ್ಲರು. ಎರಡು ವರ್ಷದ ಹಿಂದೆ ಇಲ್ಲದ ನೆರಳು ಈಗ ಇದೆಯೆಂಬುದು ಅನೇಕ ಸಲ ಕಾಣುವುದು ಆ ಹೋಲಿಕೆಯಲ್ಲೇ.