ವಕೀಲರಿಲ್ಲದೆ ದಾವೆ ಎದುರಿಸುವವರು ತಿಳಿದಿರಬೇಕಾದ ‘7ನೇ ಆದೇಶ, 11ನೇ ನಿಯಮ’

ಮುಧೋಳ (ಸೇಡಂ ತಾಲ್ಲೂಕು): ಬಾಗಲಕೋಟೆ ಜಿಲ್ಲೆಯ ಮುಧೋಳವಲ್ಲ, ಕಲಬುರಗಿ ಜಿಲ್ಲೆಯ ತೆಲಂಗಾಣ ಗಡಿ ಭಾಗದ ಮುಧೋಳ. ಇಲ್ಲಿನ ರೈತರೊಬ್ಬರಿಗೆ ಜಮೀನಿನ ವಿಷಯವಾಗಿ ಸೇಡಂ ನ್ಯಾಯಾಲಯದಿಂದ ಸಮನ್ಸ್ ಬಂದಿದೆ ಎಂದುಕೊಳ್ಳೋಣ. ಅವರು ವಕೀಲರನ್ನು ನೇಮಿಸದೆ ಖುದ್ದಾಗಿ ವಾದಿಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ಅವಕಾಶವಿದೆ. ಆದರೆ ತಂದೆಯ ಪರವಾಗಿ ಮಗ ವಾದಿಸಬೇಕಾದರೆ, 1961ರ ವಕೀಲರ ಕಾಯ್ದೆಯ 32ನೇ ಕಲಮಿನಂತೆ ನ್ಯಾಯಾಲಯದ ಅನುಮತಿ ಪಡೆಯಬೇಕು.

‘ದಾವೆ ಸುಳ್ಳು, ವಜಾ ಮಾಡಿ’ ಎಂಬುದು ಸಾಮಾನ್ಯವಾಗಿ ಪ್ರತಿವಾದಿಯ ಮೊದಲ ಕೋರಿಕೆ. ಸುಳ್ಳೋ ನಿಜವೋ ಎಂಬುದು ಸಾಕ್ಷ್ಯ ವಿಚಾರಣೆಯ ನಂತರ ತೀರ್ಮಾನವಾಗುವ ಸಂಗತಿ. ಆರಂಭದಲ್ಲೇ ಪ್ರಕರಣ ಮುಗಿಸಲು ಇರುವ ಮುಖ್ಯ ದಾರಿಯೆಂದರೆ, ಸಂಹಿತೆಯ 7ನೇ ಆದೇಶದ 11ನೇ ನಿಯಮದಡಿ ವಾದಪತ್ರವನ್ನೇ ತಿರಸ್ಕರಿಸುವಂತೆ ಅರ್ಜಿ ಸಲ್ಲಿಸುವುದು. ವಾದಪತ್ರದಲ್ಲಿ ವ್ಯಾಜ್ಯ ಕಾರಣವೇ ಇಲ್ಲದಿದ್ದರೆ ಅಥವಾ ಯಾವುದೇ ಕಾನೂನು ಆ ದಾವೆಯನ್ನು ನಿರ್ಬಂಧಿಸಿದ್ದರೆ ಈ ಅರ್ಜಿಗೆ ಬಲ ಬರುತ್ತದೆ. ನ್ಯಾಯಾಲಯ ಶುಲ್ಕದ ಕೊರತೆಯೂ ಒಂದು ಕಾರಣವೇ. ಆದರೆ ಅದನ್ನು ತುಂಬಲು ವಾದಿಗೆ ಕಾಲಾವಕಾಶ ಸಿಗುವುದರಿಂದ ಅದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಉದಾಹರಣೆಗೆ, 2014ರ ಮಾರ್ಚ್‌ನೊಳಗೆ ನೋಂದಣಿ ಮಾಡಿಕೊಡಬೇಕೆಂದು ಕ್ರಯದ ಕರಾರು ಆಗಿತ್ತೆಂದೂ ಅದರ ಜಾರಿಗಾಗಿ 2024ರಲ್ಲಿ ದಾವೆ ಹೂಡಿರುವುದಾಗಿಯೂ ವಾದಿಯೇ ಬರೆದುಕೊಂಡಿದ್ದಾರೆ ಎನ್ನೋಣ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ದಾವೆಗೆ ನಿಗದಿತ ದಿನಾಂಕದಿಂದ ಮೂರು ವರ್ಷವಷ್ಟೇ ಅವಕಾಶ. ಹೆಚ್ಚಿನ ಅವಧಿ ಸಿಗಲು ಕಾರಣವನ್ನೂ ಹೇಳಿರದಿದ್ದರೆ, ವಾದಪತ್ರ ತನ್ನ ಮಾತಿನಿಂದಲೇ ಬೀಳುತ್ತದೆ.

ಇಲ್ಲಿ ಬಹುಮಂದಿ ಎಡವುತ್ತಾರೆ. ಈ ಅರ್ಜಿಯ ವಿಚಾರಣೆಯಲ್ಲಿ ನ್ಯಾಯಾಧೀಶರು ನೋಡುವುದು ವಾದಪತ್ರ ಮತ್ತು ಅದರೊಂದಿಗಿನ ದಾಖಲೆಗಳನ್ನು ಮಾತ್ರ. ಪ್ರತಿವಾದಿಯ ಬಳಿ ಇರುವ ಪಹಣಿ, ರಸೀದಿಗಳು ಎಷ್ಟೇ ಗಟ್ಟಿಯಾಗಿರಲಿ, ಈ ಹಂತದಲ್ಲಿ ಲೆಕ್ಕಕ್ಕಿಲ್ಲ. ಹಾಗೆಂದು ಚತುರ ಬರವಣಿಗೆಗೆ ನ್ಯಾಯಾಲಯ ಮರುಳಾಗಬೇಕಿಲ್ಲ. ಬೆಂಗಳೂರಿನ ಬಾಡಿಗೆ ವ್ಯಾಜ್ಯವೊಂದರಿಂದ ಹುಟ್ಟಿದ ಪ್ರಕರಣದಲ್ಲಿ, ವಾದಪತ್ರವನ್ನು ಅದರ ಸಾರ ಗ್ರಹಿಸಿ ಓದಬೇಕು, ಪೊಳ್ಳು ದಾವೆಯನ್ನು ಮೊಳಕೆಯಲ್ಲೇ ಚಿವುಟಬೇಕು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಜೊತೆಗೆ ಪ್ರಮಾಣಪತ್ರವಿರಲಿ, ವಾದಪತ್ರದ ಯಾವ ಪ್ಯಾರಾದಲ್ಲಿ ದೋಷವಿದೆ ಎಂಬುದನ್ನು ಅದರ ಸಂಖ್ಯೆ ಸಮೇತ ತೋರಿಸಿ. ಪ್ರತಿಯನ್ನು ವಾದಿಯ ವಕೀಲರಿಗೆ ಕೊಡಬೇಕು.

ಅರ್ಜಿ ಹಾಕಿದ್ದೇನೆಂದು ಲಿಖಿತ ಹೇಳಿಕೆಯನ್ನು ಮರೆತರೆ ಅಪಾಯ. ಸಮನ್ಸ್ ತಲುಪಿದ 30 ದಿನಗಳೊಳಗೆ ಅದನ್ನು ಸಲ್ಲಿಸಬೇಕು; ಕಾರಣ ನೀಡಿದರೆ 90 ದಿನಗಳವರೆಗೆ ನ್ಯಾಯಾಲಯ ಅವಕಾಶ ಕೊಡಬಹುದು. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿಯಾಗಿ ಜಮೀನೇ ಕೈಬಿಟ್ಟುಹೋದೀತು. ಅದನ್ನು ರದ್ದುಪಡಿಸಲು 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಲು ಇರುವುದು 30 ದಿನ ಮಾತ್ರ.

ವಾದಪತ್ರ ತಿರಸ್ಕೃತವಾದರೂ ಕಾಲಮಿತಿ ಉಳಿದಿದ್ದರೆ ವಾದಿ ಹೊಸ ದಾವೆ ಹೂಡಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಪ್ರತಿವಾದಿಯ ಅರ್ಜಿಯೇ ವಜಾ ಆದರೆ ಹೈಕೋರ್ಟ್‌ನ ಕಲಬುರಗಿ ಪೀಠದ ಮುಂದೆ ಪುನರ್‌ಪರಿಶೀಲನಾ ಅರ್ಜಿಗೆ ಅವಕಾಶವುಂಟು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಇಲ್ಲವೇ ರಾಷ್ಟ್ರೀಯ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.