ಹತ್ತಿ ಎಳೆ: ಮಲಪ್ರಭೆಯ ಸೀಮೆಯಲ್ಲಿ ಒಂದು ಜೀವಕೋಶದ ಇತಿಹಾಸ

ಹತ್ತಿಯ ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಹೂವು ಅರಳುವ ದಿನ ಬೀಜವಾಗಲಿರುವ ಅಂಡಕದ ಹೊರಪದರದಲ್ಲಿ ಕೆಲವು ಕೋಶಗಳು ಉಬ್ಬಿ ಮೇಲೇಳುತ್ತವೆ. ಹೀಗೆ ಎದ್ದ ಕೋಶ ಎರಡಾಗಿ ಒಡೆಯುವುದಿಲ್ಲ, ಉದ್ದಕ್ಕೆ ಬೆಳೆಯುತ್ತ ಹೋಗುತ್ತದೆ. ಅದರ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಉದ್ದ ತಳಿಗೆ ತಕ್ಕಂತೆ 20ರಿಂದ 35 ಮಿ.ಮೀ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆ ಹೊಲಗಳಲ್ಲಿ ಈ ಕೋಶ ಬಹು ಹಿಂದಿನಿಂದಲೂ ಬೆಳೆಯುತ್ತ ಬಂದಿದೆ. ಅದರ ಬಗ್ಗೆ ಬರೆದವರು ಮಾತ್ರ ಮೊದಲು ವ್ಯಾಪಾರಿಗಳು ಮತ್ತು ಕಂದಾಯ ಅಧಿಕಾರಿಗಳು, ಬಹಳ ತಡವಾಗಿ ಜೀವವಿಜ್ಞಾನಿಗಳು. ಆರಂಭದ ದಾಖಲೆಗಳ ಗೊಂದಲಕ್ಕೆ ಇದೇ ಮುಖ್ಯ ಕಾರಣ.

ಗೊಂದಲ ಊರಿನ ಹೆಸರುಗಳಿಂದಲೇ ಶುರುವಾಗುತ್ತದೆ. ಮುಂಬಯಿ ಪ್ರಾಂತದ ಕಡತಗಳಲ್ಲಿ ಬೈಲಹೊಂಗಲದ ಹತ್ತಿಯನ್ನು ಹುಡುಕುವವರು ಸಂಪಗಾವಿ ತಾಲ್ಲೂಕಿನ ಪುಟಗಳನ್ನೂ ಸವದತ್ತಿಯದನ್ನು ಹುಡುಕುವವರು ಪರಸಗಡ ತಾಲ್ಲೂಕಿನ ಪುಟಗಳನ್ನೂ ತೆರೆಯಬೇಕು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿದ್ದುದರಿಂದ ಅದರ ಲೆಕ್ಕ ಬೇರೆ. ಈ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿದ್ದ ಹೆಸರು ‘ಕುಮಟಾ’. ಕುಮಟಾದಲ್ಲಿ ಈ ಹತ್ತಿ ಬೆಳೆಯುತ್ತಿರಲಿಲ್ಲ. ಘಟ್ಟ ಇಳಿದು ಆ ಬಂದರಿನಿಂದ ಹಡಗು ಏರುತ್ತಿತ್ತು, ಅಷ್ಟೇ. 1880ರ ದಶಕದಲ್ಲಿ ರೈಲು ಬಂದು ಸಾಗಣೆಯ ದಾರಿ ಬದಲಾದ ಮೇಲೂ ಹೆಸರು ಉಳಿಯಿತು. ಸಸ್ಯಶಾಸ್ತ್ರದ ಪ್ರಕಾರ ಇದು ಗಾಸಿಪಿಯಂ ಹರ್ಬೇಶಿಯಂ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಿದರೆ ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆದು ಬೇಸಿಗೆಯ ಹೊತ್ತಿಗೆ ಬಿಡಿಸಲು ಬರುತ್ತದೆ.

ಎರಡನೆಯ ಹತ್ತಿ ಹೊರಗಿನಿಂದ ಬಂದದ್ದು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತು. ಅವರಲ್ಲಿ ಮರ್ಸರ್ ಎಂಬವರು ಧಾರವಾಡ ಸೀಮೆಯಲ್ಲಿ ಕೆಲಸ ಮಾಡಿದರು. ಧಾರವಾಡದ ಕಲೆಕ್ಟರ್ ಎ. ಎನ್. ಶಾ ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಲ್ಲಿ ಹರಡಲು ಶ್ರಮಿಸಿದರು. (1844ರ ಸುಮಾರಿಗೆ ಹತ್ತಿ ಬಟ್ಟೆಗೆ ಕಾಸ್ಟಿಕ್ ಸೋಡಾದ ಸಂಸ್ಕಾರ ಕಂಡುಹಿಡಿದ ಜಾನ್ ಮರ್ಸರ್ ಲ್ಯಾಂಕಶೈರಿನ ರಸಾಯನಜ್ಞ, ಬೇರೆ ವ್ಯಕ್ತಿ.) ಈ ಬೀಜದಿಂದ ಬಂದದ್ದೇ ‘ಧಾರವಾಡ–ಅಮೆರಿಕನ್’ ಹತ್ತಿ, ಗಾಸಿಪಿಯಂ ಹಿರ್ಸುಟಂ. ಇದರ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುವುದರಿಂದ ಗರಗಸದ ಜಿನ್ ಬೇಕಾಯಿತು. ಜವಾರಿ ಹತ್ತಿಯನ್ನು ಅದೇ ಯಂತ್ರಕ್ಕೆ ಹಾಕಿದರೆ ಎಳೆ ತುಂಡಾಗುತ್ತಿತ್ತು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಬೆಲೆ ಏರಿದ ಕಥೆ ಎಲ್ಲರಿಗೂ ತಿಳಿದದ್ದೇ. ಬೆಲೆಯ ಜೊತೆಗೆ ಕಲಬೆರಕೆಯೂ ಏರಿತು, 1863ರಲ್ಲಿ ಮುಂಬಯಿ ಸರಕಾರ ಅದರ ವಿರುದ್ಧ ಕಾಯಿದೆ ತಂದಿತು.

ಮುಂದಿನ ದಶಕಗಳ ದೊಡ್ಡ ದೂರು ಎಂದರೆ ಧಾರವಾಡ–ಅಮೆರಿಕನ್ ಹತ್ತಿಯ ಗುಣ ಕೆಡುತ್ತಿದೆ ಎಂಬುದು. ಪಕ್ಕದ ಹೊಲದ ಜವಾರಿ ಹತ್ತಿಯ ಪರಾಗ ಬಿದ್ದು ತಳಿ ಬೆರೆಯುತ್ತಿದೆ ಎಂಬುದು ಒಂದು ವಾದ. ಬೀಜವನ್ನೂ ಅರಳೆಯನ್ನೂ ಜಿನ್ನಿನಲ್ಲಿ, ಪೇಟೆಯಲ್ಲಿ ಕಲೆಸುತ್ತಿದ್ದಾರೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರಹಗಳು ಈಗಲೂ ಇವೆ. ಆದರೆ ಈ ಪ್ರಶ್ನೆಗೆ ಕೋಶಕೇಂದ್ರವೇ ಉತ್ತರ ಕೊಟ್ಟಿದೆ. 1920ರ ದಶಕದಲ್ಲಿ ಹತ್ತಿಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಹರ್ಬೇಶಿಯಂ ಕೋಶದಲ್ಲಿ 26, ಹಿರ್ಸುಟಂ ಕೋಶದಲ್ಲಿ 52 ಇರುವುದು ಖಚಿತವಾಯಿತು. ಇವೆರಡೂ ಕೂಡಿ ಅಪರೂಪಕ್ಕೆ ಸಸಿ ಹುಟ್ಟಿದರೂ ಅದರ ಕೋಶಗಳಲ್ಲಿ 39 ವರ್ಣತಂತುಗಳಿರುತ್ತವೆ. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ಅವು ಸರಿಯಾಗಿ ಜೋಡಿಯಾಗಲಾರವು, ಸಸಿ ಬಂಜೆಯಾಗುತ್ತದೆ. ಹೀಗಾಗಿ ಹೊಲದಲ್ಲಿ ತಾನಾಗಿ ನಡೆದ ಬೆರಕೆಯಿಂದ ತಳಿ ಕೆಟ್ಟಿತು ಎಂಬ ವಾದ ನಿಲ್ಲುವುದಿಲ್ಲ. ಕೆಡಿಸಿದ್ದು ಬೀಜದ ಮತ್ತು ಅರಳೆಯ ಕಲಬೆರಕೆ ಎನ್ನುವುದೇ ಹೆಚ್ಚು ಸಮರ್ಪಕ. ರೈತನ ಹೊಲದ ಮೇಲೆ ಹೊರಿಸಿದ್ದ ತಪ್ಪಿನ ಬಹುಪಾಲು ಜಿನ್ನಿಗೂ ಪೇಟೆಗೂ ಸೇರಬೇಕಾದದ್ದು. ಈ ಸೀಮೆಯ ಹತ್ತಿಯ ಇತಿಹಾಸದಲ್ಲಿ ನಿಜವಾದ ತಿರುವು ಈ ಎಣಿಕೆ. ಅಂತರ್ಯುದ್ಧದ ಬೆಲೆಯೇರಿಕೆ ಅಲ್ಲ.

ಎಳೆಯ ಒಳರಚನೆ ತಿಳಿದದ್ದೂ ಅದೇ ಕಾಲದಲ್ಲಿ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಕೋಶಗಳನ್ನು ಚಿತ್ರಿಸಿದ್ದು, 1838–39ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಸಸ್ಯವೂ ಪ್ರಾಣಿಯೂ ಕೋಶಗಳಿಂದಾದದ್ದೆಂದು ಸಾರಿದ್ದು ಪಠ್ಯಪುಸ್ತಕಗಳಲ್ಲಿದೆ. ಹತ್ತಿಗೆ ಆ ದೃಷ್ಟಿಯನ್ನು ಕೂಲಂಕಷವಾಗಿ ತಿರುಗಿಸಿದವರಲ್ಲಿ ಪ್ರಮುಖರು ಈಜಿಪ್ಟಿನಲ್ಲಿ ದುಡಿದ ಡಬ್ಲ್ಯು. ಲಾರೆನ್ಸ್ ಬಾಲ್ಸ್. ಎಳೆಯ ಗೋಡೆಯಲ್ಲಿ ದಿನಕ್ಕೊಂದರಂತೆ ಪದರಗಳು ಕೂಡುತ್ತವೆ ಎಂದು ಅವರು 1919ರಲ್ಲಿ ತೋರಿಸಿದರು. ಬೆಳಕು, ಉಷ್ಣತೆ ಒಂದೇ ಸಮನಿರುವಲ್ಲಿ ಬೆಳೆಸಿದ ಗಿಡದ ಎಳೆಯಲ್ಲಿ ಆ ಉಂಗುರಗಳು ಕಾಣುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಈ ಕೋಶದ ಬಾಳು ಸುಮಾರು ಐವತ್ತು ದಿನ. ಮೊದಲ ಮೂರು ವಾರ ಉದ್ದಕ್ಕೆ ಬೆಳೆಯುವ ಕಾಲ. ಆಗ ಗೋಡೆ ತೆಳುವಾಗಿ ಹಿಗ್ಗುವಂತಿರುತ್ತದೆ. ನಡುವಿನ ದೊಡ್ಡ ರಸದಾನಿ ಪೊಟ್ಯಾಸಿಯಂ, ಸಕ್ಕರೆ ಮತ್ತು ಮ್ಯಾಲೇಟನ್ನು ತುಂಬಿಕೊಂಡು ನೀರನ್ನು ಒಳಗೆಳೆಯುತ್ತದೆ. ಆ ಒತ್ತಡವೇ ಕೋಶವನ್ನು ಚಾಚುತ್ತದೆ. ಕೋಶಕೇಂದ್ರ, ಮೈಟೊಕಾಂಡ್ರಿಯ, ಗಾಲ್ಗಿ ಇವೆಲ್ಲ ಗೋಡೆಗೂ ರಸದಾನಿಗೂ ನಡುವಿನ ತೆಳ್ಳನೆಯ ಕೋಶದ್ರವ್ಯದಲ್ಲಿ ದುಡಿಯುತ್ತಿರುತ್ತವೆ. ಉದ್ದವಾಗುವುದು ಮುಗಿಯುವ ಮುನ್ನವೇ ಎರಡನೆಯ ಹಂತ ಆರಂಭ: ಕೋಶಪೊರೆಯಲ್ಲಿರುವ ಕಿಣ್ವಗಳು ಸೆಲ್ಯುಲೋಸ್ ನೂತು ಗೋಡೆಯನ್ನು ಒಳಗಿನಿಂದ ದಪ್ಪ ಮಾಡುತ್ತವೆ. ಕೊನೆಗೆ ಕಾಯಿ ಒಡೆದಾಗ ಜೀವದ್ರವ್ಯ ಒಣಗಿ, ಟೊಳ್ಳು ಕುಸಿದು, ಕೊಳವೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಉಳಿಯುವುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ಆ ತಿರುಚುಗಳಿಂದಲೇ ಎಳೆಗೆ ಎಳೆ ಹಿಡಿದು ನೂಲಾಗುವುದು.

ಮಳೆಯಾಶ್ರಿತ ಎರೆ ಹೊಲಕ್ಕೆ ಈ ಎರಡು ಹಂತಗಳ ಭೇದ ಬಹಳ ಮುಖ್ಯ. ಮೊದಲ ಹಂತದಲ್ಲಿ ಹಸಿ ತಪ್ಪಿದರೆ ಎಳೆ ಗಿಡ್ಡ. ಎರಡನೆಯದರಲ್ಲಿ ತಪ್ಪಿದರೆ ಉದ್ದವಿದ್ದರೂ ಗೋಡೆ ತುಂಬದ ಬಲಿಯದ ಎಳೆ. ಇಂಥದ್ದು ನೂಲುವಾಗ ಗಂಟು ಕಟ್ಟುತ್ತದೆ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಭಾರತದ ಕೇಂದ್ರ ಹತ್ತಿ ಸಮಿತಿ 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ತೆರೆದ ಪ್ರಯೋಗಾಲಯದಲ್ಲಿ ಎ. ಎನ್. ಗುಲಾಟಿ ಮತ್ತು ನಜೀರ್ ಅಹ್ಮದ್ ಎಳೆಯ ಬಲಿತನ ಅಳೆಯುವ ವಿಧಾನ ರೂಪಿಸಿ 1935ರಲ್ಲಿ ಪ್ರಕಟಿಸಿದರು. ಎಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ಉಬ್ಬಿಸಿ, ಗೋಡೆಯ ದಪ್ಪವನ್ನು ಒಳಗಿನ ಟೊಳ್ಳಿನೊಡನೆ ಹೋಲಿಸಿ, ಬಲಿತದ್ದು, ಅರೆಬಲಿತದ್ದು, ಸತ್ತದ್ದು ಎಂದು ವಿಂಗಡಿಸುವ ಕ್ರಮವಿದು. ಪೇಟೆಯಲ್ಲಿ ಕೈಬೆರಳಿನಿಂದ ಎಳೆದು ನೋಡುತ್ತಿದ್ದ ಗುಣಕ್ಕೆ ಕೋಶಭಿತ್ತಿಯ ಅಳತೆ ಸಿಕ್ಕಿತು.

ಇತ್ತ ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಕುಮಟಾ ಹತ್ತಿಯ ಸುಧಾರಣೆ ಕುರಿತ ತಮ್ಮ ಅಧ್ಯಯನವನ್ನು 1920ರಲ್ಲಿ ಪ್ರಕಟಿಸಿದರು. ಜವಾರಿ ಸಾಲಿನಲ್ಲಿ ಧಾರವಾಡ–1, ಸೊರಗು ರೋಗ ತಡೆಯುವ ಜಯವಂತ, ಆಮೇಲೆ ಜಯಧರ. ಅಮೆರಿಕನ್ ಸಾಲಿನಲ್ಲಿ ಗದಗ–1 ಮತ್ತು ಲಕ್ಷ್ಮಿ ಬಂದವು. ಸಾಲುಗಳು ಎರಡಾಗಿಯೇ ಉಳಿದುದಕ್ಕೂ 26–52ರ ಅಡ್ಡಗೋಡೆಯೇ ಕಾರಣ.

ಅಮೆರಿಕನ್ ಹತ್ತಿಗೂ ಈಜಿಪ್ಟ್ ಬಗೆಯ ಗಾಸಿಪಿಯಂ ಬಾರ್ಬಡೆನ್ಸ್‌ಗೂ ನಡುವೆ ಆ ಗೋಡೆ ಇಲ್ಲ, ಎರಡರಲ್ಲೂ 52. ಧಾರವಾಡದ ಬಿ. ಎಚ್. ಕಟರ್ಕಿ 1972ರಲ್ಲಿ ಲಕ್ಷ್ಮಿಯನ್ನು ತಾಯಿಯಾಗಿಟ್ಟು, ಬಾರ್ಬಡೆನ್ಸ್‌ನ ಎಸ್‌ಬಿ 289ಇ ಪರಾಗ ಹಾಕಿ ವರಲಕ್ಷ್ಮಿಯನ್ನು ಕೊಟ್ಟರು. ಎರಡು ಪ್ರಭೇದಗಳ ನಡುವೆ ವಾಣಿಜ್ಯ ಬೇಸಾಯಕ್ಕೆ ಬಂದ ಮೊದಲ ಹತ್ತಿ ಸಂಕರ ಅದು. 1981ರಲ್ಲಿ ಡಿಸಿಎಚ್–32, ಅಂದರೆ ಜಯಲಕ್ಷ್ಮಿ ಬಂತು. ಅತಿ ಉದ್ದ ಎಳೆಯ ಈ ಸಂಕರಗಳಲ್ಲಿ ಕೋಶ ಜವಾರಿ ಹತ್ತಿಗಿಂತ ಒಂದೂವರೆ ಪಟ್ಟು ಉದ್ದ. ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಗ್ಗೆ ಕೈಯಿಂದ ಪರಾಗ ಸವರಿ ಒಂದೊಂದು ಕಾಯಿಯನ್ನೂ ಮಾಡಬೇಕು. ಸಂಕರ ಬೀಜದ ಈ ಕೆಲಸ ಬಹುಪಾಲು ಹೆಣ್ಣುಮಕ್ಕಳ ದುಡಿಮೆಯಿಂದ ನಡೆದದ್ದು. ತಳಿಗಳ ಇತಿಹಾಸ ಬರೆದವರು ಅದಕ್ಕೆ ಕೊಟ್ಟ ಜಾಗ ತೀರ ಕಡಿಮೆ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಬ್ಯಾಕ್ಟೀರಿಯಾದ ವಂಶವಾಹಿಯೊಂದು ಗಿಡದ ಕೋಶಗಳಲ್ಲಿ ಮಾಡಿಸುವ ಪ್ರೋಟೀನು ಕಾಯಿಕೊರಕದ ಕರುಳಿನ ಕೋಶಗಳಿಗೆ ಅಂಟಿ ಅವನ್ನು ಒಡೆಯುತ್ತದೆ. ಇಂಥ ಗಿಡ ಪಡೆಯಲು ವಂಶವಾಹಿ ಸೇರಿಸಿದ ಅಂಗಾಂಶದಿಂದ ಇಡೀ ಸಸಿಯನ್ನು ಮರಳಿ ಬೆಳೆಸಬೇಕು. ಭಾರತದ ತಳಿಗಳಲ್ಲಿ ಅದು ಸುಲಭವಲ್ಲ. ರೈತರೇ ಬೀಜ ಉಳಿಸಿಕೊಳ್ಳಬಹುದಾದ ಸರಕಾರಿ ಬಿಟಿ ತಳಿಗಾಗಿ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಡಿ ಬಿಕಾನೇರಿ ನರ್ಮಾ ಬಿಟಿಯನ್ನು ಹೊರತಂದವು. 2009ರಲ್ಲಿ ರೈತರ ಕೈಸೇರಿದ ಈ ಬೀಜದಲ್ಲಿ ಮಾನ್ಸಾಂಟೊದ ಮಾನ್–531 ವಂಶವಾಹಿ ಜೋಡಣೆ ಇದೆಯೆಂಬ ಆಕ್ಷೇಪ ಬಂದು ಮಾರಾಟ ನಿಂತಿತು. ವಿಚಾರಣೆಗೆ ನೇಮಕವಾದ ಸೊಪೋರಿ ಸಮಿತಿ 2012ರಲ್ಲಿ ವರದಿ ನೀಡಿ, ಆ ಜೋಡಣೆ ಬೀಜದಲ್ಲಿರುವುದನ್ನು ದೃಢಪಡಿಸಿತು. ಜೋಡಣೆ ಯಾವುದೆಂದು ಗುರುತಿಸುವುದು ಹೊರಗಿನ ವಂಶವಾಹಿ ವರ್ಣತಂತುವಿನಲ್ಲಿ ಕೂತ ಜಾಗದ ಎರಡೂ ಬದಿಯ ಡಿಎನ್‌ಎ ಸಾಲುಗಳಿಂದ. ಆ ತಳಿ ಮತ್ತೆ ರೈತರಿಗೆ ಬರಲಿಲ್ಲ.