ಗಾಲ್ಫ್: ಕೆಳಬೆನ್ನು ಜೋಪಾನ

ಓಟವಿಲ್ಲ, ಡಿಕ್ಕಿಯಿಲ್ಲ, ಆದರೂ ಗಾಲ್ಫ್ ಆಟಗಾರರನ್ನು ಕೆಳಬೆನ್ನಿನ ನೋವು ಬಿಡದೆ ಕಾಡುತ್ತದೆ. ಟೈಗರ್ ವುಡ್ಸ್ 2014ರಲ್ಲಿ ಮೊದಲ ಬಾರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. 2017ರಲ್ಲಿ ಬೆನ್ನುಮೂಳೆಯ ಮಣಿಗಳನ್ನೇ ಬೆಸೆಯಬೇಕಾಯಿತು. 2019ರಲ್ಲಿ ಅವರು ಮಾಸ್ಟರ್ಸ್ ಗೆದ್ದರೆಂಬುದು ನಿಜ, ಹವ್ಯಾಸಿಗಳು ಅದನ್ನು ನಂಬಿ ಕೂರುವಂತಿಲ್ಲ.

ಸೊಂಟದ ಮಣಿಗಳು ಬಾಗಬಲ್ಲವು, ಹೆಚ್ಚು ತಿರುಗಲಾರವು. ಸ್ವಿಂಗ್‌ನ ತಿರುವು ಬರಬೇಕಾದದ್ದು ತೊಡೆಸಂದಿನ ಕೀಲು ಹಾಗೂ ಮೇಲ್ಬೆನ್ನಿನಿಂದ. ಅವು ಬಿಗಿದಿದ್ದರೆ ಒತ್ತಡವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ವಾರವಿಡೀ ಕುರ್ಚಿಯಲ್ಲಿ ಕುಳಿತು ಭಾನುವಾರ ನೇರವಾಗಿ ಡ್ರೈವರ್ ಹಿಡಿಯುವವರು ಇದನ್ನು ಗಮನಿಸಬೇಕು. ಮೊದಲು ಹತ್ತು ನಿಮಿಷ ನಡೆದು, ಮೈ ಸಡಿಲಿಸಿ, ಚಿಕ್ಕ ಕ್ಲಬ್‌ಗಳಿಂದ ಹೊಡೆತ ಆರಂಭಿಸುವುದು ಲೇಸು. ಹಿಂದಕ್ಕೆ ತಿರುಗುವಾಗ ಗುರಿಯ ಕಡೆಯ ಪಾದದ ಹಿಮ್ಮಡಿ ತುಸು ಮೇಲೇಳಲು ಬಿಟ್ಟರೆ ಸೊಂಟದ ತಿರುಚು ತಗ್ಗುತ್ತದೆ. ಚೆಂಡನ್ನು ಮಂಡಿ ಮಡಿಸಿಯೇ ಎತ್ತಬೇಕು. ನೋವು ಕಾಲಿಗಿಳಿದರೆ ಅಥವಾ ಜೋಮು ಹಿಡಿದರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣುವುದು ಅಗತ್ಯ.